ರೋಜಾಗೆ ಲೆಕ್ಕ ಬರುತ್ತದೆ

ನಾನು ಕನ್ನಡ ಕಲಿಸುವವಳು. ಶಿಕಾರಿಪುರದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ, ಅದೂ ವಿಜ್ಞಾನ ವಿಭಾಗದಲ್ಲಿ. ಅಂದರೆ ನನ್ನ ಪೀರಿಯಡ್ಡಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಪುಸ್ತಕ ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲಿ ಗಣಿತದ ಯತೀಶ ಎದುರಾಗುತ್ತಾರೆ. “ಮೇಡಂ, ಪೋರ್ಷನ್ ಉಳಿದುಬಿಟ್ಟಿದೆ, ಇವತ್ತು ನಿಮ್ದೊಂದು ಕೊಟ್ಬಿಡಿ” ಎನ್ನುತ್ತಾರೆ, ಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಕೇಳುವ ಹಾಗೆ. ಸಕ್ಕರೆಯಾದರೂ ಎಂದಾದರೊಂದು ದಿನ ವಾಪಸ್ಸು ಬರುತ್ತದೆ. ನನ್ನ ಪೀರಿಯಡ್ಡು ಬಂದದ್ದಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಸ್ಟಾಫ್ ರೂಮಿನಲ್ಲಿ ಹೆಸರಿದೆ. ಇರಲಿ. ಈಗ ಬರೆಯಹೊರಟಿರುವುದು ನನ್ನ ಕೋಪದ ಬಗ್ಗೆ ಅಲ್ಲ, ರೋಜಾ ಎಂಬ ಹುಡುಗಿಯ ಬಗ್ಗೆ. ಆದರೆ ಕೋಪ ಮಾಡಿಕೊಳ್ಳದೆ ಅವಳ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಸೆಕೆಂಡ್ ಪಿಯು ಗಣಿತದಲ್ಲಿ ಹತ್ತಿರ ಹತ್ತಿರ ಅರ್ಧ ಕ್ಯಾಲ್ಕುಲಸ್ಸೇ. ಅದನ್ನು ದೀಪಾವಳಿಯೊಳಗೆ ಮುಗಿಸಬೇಕು, ಉಳಿದ ತಿಂಗಳುಗಳಲ್ಲಿ ಮಕ್ಕಳನ್ನು ಸಿಇಟಿಗೆ ಅರೆಯಬೇಕು ಎಂಬುದು ನಮ್ಮ ಆಡಳಿತ ಮಂಡಳಿಯ ಅಪ್ಪಣೆ. ಹಾಗಾಗಿ ಯತೀಶ ಬೋರ್ಡಿನ ಎಡತುದಿಯಲ್ಲಿ ಲೆಕ್ಕ ಶುರು ಮಾಡಿದರೆ ಬಲತುದಿಯಲ್ಲಿ ಉತ್ತರ ಇರುತ್ತದೆ. ನಡುವಿನ ಸಾಲುಗಳೆಲ್ಲ ಬಾಯಲ್ಲೇ. “ಇದು ಸಿಂಪಲ್, ಮನೇಲಿ ಮಾಡ್ಕೊಳ್ಳಿ. ಅಂಡರ್‌ಸ್ಟುಡ್?” ಎಂದು ಕೇಳುತ್ತಾರೆ. ಮುಂದಿನ ಎರಡು ಬೆಂಚಿನವರು “ಯೆಸ್ ಸರ್” ಎನ್ನುತ್ತಾರೆ. “ನೆಕ್ಸ್ಟ್!” ಎಂದು ಅವರು ಡಸ್ಟರ್ ಎಳೆಯುತ್ತಾರೆ. ಆ ಎರಡು ಬೆಂಚಿನವರು ಬೇಸಿಗೆ ರಜೆಯಲ್ಲೇ ಶಿವಮೊಗ್ಗದಲ್ಲಿ ಕೋಚಿಂಗಿಗೆ ಕೂತು ಎಲ್ಲವನ್ನೂ ಒಂದು ಸಲ ಓದಿ ಬಂದವರು. ಉಂಡು ಬಂದವರನ್ನು ಊಟ ಆಯಿತಾ ಎಂದು ಕೇಳಿ ಇಡೀ ಪಂಕ್ತಿಯ ಎಲೆ ಎತ್ತುವ ಹಾಗಿತ್ತು ಅದು. ಯತೀಶ ಕೆಟ್ಟವರೇನಲ್ಲ. ಮಕ್ಕಳಿಗೆ ಕಷ್ಟವಾದರೆ ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಅವರ ಕಣ್ಣಿಗೆ ಆ ಮಕ್ಕಳು ಕಾಣುವುದಿಲ್ಲ, ಅಷ್ಟೇ.

ರೋಜಾ ಕೂರುತ್ತಿದ್ದದ್ದು ನಾಲ್ಕನೇ ಬೆಂಚಿನಲ್ಲಿ, ಗೋಡೆಯ ಕಡೆಗೆ. ತಾಳಗುಂದದ ಹತ್ತಿರದ ಒಂದು ಹಳ್ಳಿಯವಳು. ಹತ್ತನೆಯವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಅಪ್ಪ ಚಿಕ್ಕಬೀರಪ್ಪ ಕುರಿ ಸಾಕುವವರು. ಸ್ವಲ್ಪ ಮೆಕ್ಕೆಜೋಳದ ಹೊಲವೂ ಇದೆ. ತಾಯಿ ತಾಯಮ್ಮ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ಇವಳು. ಹೈಸ್ಕೂಲಿನ ತನ್ನ ಗಣಿತದ ಟೀಚರಂತೆ ತಾನೂ ಲೆಕ್ಕ ಕಲಿಸಬೇಕು ಎಂಬುದು ಅವಳ ಆಸೆ. ಅದಕ್ಕೆ ಬಿ.ಎಸ್ಸಿ.ಯಲ್ಲಿ ಗಣಿತ ಬೇಕು, ಅದಕ್ಕೆ ಈಗ ಕ್ಯಾಲ್ಕುಲಸ್ ಬರಬೇಕು. ಇಷ್ಟನ್ನು ಬಸ್ಸಿನಲ್ಲಿ ಅವಳೇ ಹೇಳಿದ್ದಳು.

ನಾನು ಸೊರಬದವಳು. ಶಿರಾಳಕೊಪ್ಪದ ಮೇಲೆ ಬರುವ ಬೆಳಗಿನ ಬಸ್ಸಿನಲ್ಲಿ ದಿನಾ ಬರುತ್ತೇನೆ. ಅವಳು ದಾರಿಯಲ್ಲಿ ಕ್ರಾಸಿನಲ್ಲಿ ಹತ್ತುತ್ತಾಳೆ. ಕೂರಲು ಜಾಗ ಸಿಕ್ಕಿತೋ ಇಲ್ಲವೋ, ಪುಸ್ತಕ ತೆಗೆಯುತ್ತಾಳೆ. ಒಂದು ದಿನ ತಡೆಯಲಾರದೆ ಕೇಳಿದೆ, “ಅಲ್ವೇ ಮಾರಾಯ್ತಿ, ಈ ಕ್ಯಾಲ್ಕುಲಸ್ ಅಂದ್ರೆ ಎಂಥದೇ ಅದು?”

ಅವಳು ಡ್ರೈವರನ ಮುಂದಿನ ಮೀಟರಿನ ಕಡೆ ಕೈ ತೋರಿಸಿದಳು. “ಅಲ್ಲಿ ನೋಡ್ರೀ ಮೇಡಂ. ಈಗ, ಈ ಗಳಿಗೆಗೆ ಬಸ್ಸು ಎಷ್ಟು ಜೋರು ಹೊಂಟೈತಿ ಅಂತ ಆ ಮುಳ್ಳು ತೋರಿಸ್ತೈತಲ್ರೀ, ಅದು ಡಿಫರೆನ್ಸಿಯೇಶನ್. ಹಂಗ ಹೋಗಿ ಹೋಗಿ ಒಟ್ಟು ಎಷ್ಟು ದೂರ ಬಂದ್ವಿ ಅಂತ ಕೂಡಿಸಿದ್ರ ಇಂಟಿಗ್ರೇಶನ್.”

ನಾನು ಬಗ್ಗಿ ನೋಡಿದೆ. ಆ ಬಸ್ಸಿನ ಮುಳ್ಳು ಸೊನ್ನೆಯ ಮೇಲೆ ಸತ್ತು ಮಲಗಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಅವಳಿಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಒಂದು ಸಾಲಿನಿಂದ ಇನ್ನೊಂದು ಸಾಲು ಹೇಗೆ ಬಂತು ಎಂದು ಗೊತ್ತಾಗದೆ ಮುಂದೆ ಹೋಗಲು ಬರುತ್ತಿರಲಿಲ್ಲ. ಅದು ಮನೆಯಿಂದ ಬಂದ ಬುದ್ಧಿ. ಅವರ ಮನೆಯಲ್ಲಿ ಸಂಜೆ ಕುರಿಗಳು ರೊಪ್ಪಕ್ಕೆ ಬಂದಾಗ ಅಪ್ಪ ಮಗಳು ಬಾಗಿಲಲ್ಲಿ ನಿಂತು ಎಣಿಸುವುದಿಲ್ಲ. ಮುಖ ನೋಡುತ್ತಾರೆ. ಕರಿ ಕಿವಿಯದು ಬಂತು, ಮುರುಕು ಕೋಡಿನದು ಬಂತು, ಹಣೆಯಲ್ಲಿ ಬಿಳಿ ಬೊಟ್ಟಿನದು ಬಂತು, ಅದರ ಮರಿ ಎಲ್ಲಿ? ಯಾವುದು ಬಂದಿಲ್ಲ ಎಂದು ಹೀಗೇ ಗೊತ್ತು ಮಾಡಿಕೊಂಡು ಆಮೇಲೆ ಬಾಗಿಲು ಹಾಕುತ್ತಾರೆ.

ಎಣಿಸದಿರುವುದಕ್ಕೆ ಕಾರಣ ಇದೆ. ಆ ಕಾರಣ ನನಗೆ ಗೊತ್ತಾದದ್ದು ಸೊರಬದ ಹತ್ತಿರದ ಉಳವಿಯಲ್ಲಿ. ಅಲ್ಲಿ ನನ್ನ ಗಂಡನ ಮನೆಯವರ ಗದ್ದೆ ಇದೆ. ಭತ್ತದ ಕೊಯ್ಲು ಮುಗಿದ ಮೇಲೆ ಚಿಕ್ಕಬೀರಪ್ಪ ಪ್ರತಿವರ್ಷ ಮಂದೆ ಹೊಡೆದುಕೊಂಡು ಅಲ್ಲಿಗೆ ಬರುತ್ತಾರೆ. ಕುರಿಗಳು ರಾತ್ರಿ ಗದ್ದೆಯಲ್ಲಿ ಮಲಗಿದರೆ ಅದೇ ಗೊಬ್ಬರ. ಬಂದಾಗಲೆಲ್ಲ ನಮ್ಮ ಅತ್ತೆ ಯಮುನಮ್ಮ ಜಗುಲಿಯಿಂದಲೇ ಕೂಗುವುದುಂಟು, “ಏ ಚಿಕ್ಕಬೀರಪ್ಪಾ, ಈ ಸಲ ಎಷ್ಟು ಕುರಿ ತಂದಿದೀಯೋ ಮಾರಾಯಾ?” ಅವರು ತಲೆ ಕೆರೆದುಕೊಂಡು, “ಅದಾವ್ರೀ ಅಮ್ಮಾರೆ, ಒಂದಿಷ್ಟು” ಎನ್ನುತ್ತಾರೆ. ಗದ್ದೆ ತುಂಬ ಉಣ್ಣೆ ಹಾಸಿದಂತೆ ಕುರಿ ನಿಂತಿರುತ್ತವೆ, ಮಾತು ಮಾತ್ರ ಒಂದಿಷ್ಟು. ತನ್ನ ಹತ್ತಿರ ಇರುವುದನ್ನು ಎಣಿಸಿ ಬಾಯಿ ಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ, ಮಂದೆ ಕರಗುತ್ತದೆ ಎಂಬುದು ಆ ಮನೆಯ ನಂಬಿಕೆ. ಕುರಿಗೆ ಮಾತ್ರವಲ್ಲ. ಹೊಲದ ಬೆಳೆಗೂ ಅದೇ, ಮಕ್ಕಳಿಗೂ ಅದೇ. ಒಳ್ಳೆಯದು ಇದ್ದಷ್ಟೂ ಕಡಿಮೆ ಮಾಡಿ ಹೇಳಬೇಕು.

ರೋಜಾ ಈ ಅಭ್ಯಾಸವನ್ನು ಹೊತ್ತುಕೊಂಡೇ ಕ್ಲಾಸಿಗೆ ಬಂದಿದ್ದಳು. ಯತೀಶ ಒಂದು ಎಕ್ಸರ್‌ಸೈಜ್ ಕೊಟ್ಟು, “ಮುಗಿಸಿದವರು ಕೈ ಎತ್ತಿ” ಎನ್ನುತ್ತಾರೆ. ಅವಳು ಮುಗಿಸಿದ್ದರೂ ಎತ್ತುವುದಿಲ್ಲ. “ಎಷ್ಟಾಯ್ತು ನಿಂದು?” ಎಂದು ಕೇಳಿದರೆ, “ಆಗ್ಯಾವು ಸರ್, ಸ್ವಲ್ಪ” ಎನ್ನುತ್ತಾಳೆ. ಹದಿನೈದು ಲೆಕ್ಕ ಮಾಡಿ ಸ್ವಲ್ಪ ಎನ್ನುವವಳೂ, ಒಂದನ್ನೂ ಮುಟ್ಟದೆ ಸ್ವಲ್ಪ ಎನ್ನುವವಳೂ ಯತೀಶರಿಗೆ ಒಂದೇ. ಅವರ ಮನಸ್ಸಿನಲ್ಲಿ ನಾಲ್ಕನೇ ಬೆಂಚಿನ ಗೋಡೆ ಬದಿಯ ಹುಡುಗಿ ದಡ್ಡಿ ಎಂದು ಆಗಿಹೋಯಿತು.

ಅರ್ಧವಾರ್ಷಿಕ ಪರೀಕ್ಷೆ ಬಂತು. ರೋಜಾ ಪತ್ರಿಕೆಯ ಅರ್ಧವನ್ನಷ್ಟೇ ಬರೆದಿದ್ದಳು. ಬರೆದದ್ದರಲ್ಲಿ ಒಂದೂ ತಪ್ಪಿಲ್ಲ, ಒಂದು ಸಾಲೂ ಬಿಟ್ಟಿಲ್ಲ. ಉಳಿದರ್ಧ ಖಾಲಿ. ಸಮಯ ಸಾಲಲಿಲ್ಲ.

ನಮ್ಮಲ್ಲಿ ಅರ್ಧವಾರ್ಷಿಕ ಮುಗಿದ ಮೇಲೆ ಮಕ್ಕಳನ್ನು ಸೋಸುತ್ತಾರೆ. ವೇಗಕ್ಕೆ ಹೊಂದುವವರು ಎ ಸೆಕ್ಷನ್ನಿನಲ್ಲಿ ಉಳಿಯುತ್ತಾರೆ. ಹೊಂದದವರು ಬಿ ಸೆಕ್ಷನ್ನಿಗೆ. ಬಿ ಸೆಕ್ಷನ್ನಿನ ಗಣಿತಕ್ಕೆ ಕಾಯಂ ಮೇಷ್ಟ್ರಿಲ್ಲ. ವಾರಕ್ಕೆರಡು ದಿನ ಹೊರಗಿನಿಂದ ಒಬ್ಬರು ಬಂದು ‘ಪಾಸಿಂಗ್ ಪ್ಯಾಕೇಜ್’ ಓದಿಸಿ ಹೋಗುತ್ತಾರೆ. ಪಾಸಾಗಲು ಎಷ್ಟು ಬೇಕೋ ಅಷ್ಟು ಪ್ರಶ್ನೆ, ಅಷ್ಟು ಉತ್ತರ, ಬಾಯಿಪಾಠ. ಇಂಟಿಗ್ರೇಶನ್ ಅದರಲ್ಲಿ ಇಲ್ಲವೇ ಇಲ್ಲ. ‘ಕಷ್ಟ, ಬಿಟ್ಟುಬಿಡಿ’ ಎಂದು ಮೊದಲ ದಿನವೇ ಹೇಳಿಬಿಡುತ್ತಾರೆ. ಲೆಕ್ಕದ ಟೀಚರಾಗಬೇಕು ಎನ್ನುವ ಹುಡುಗಿಯನ್ನು ಅಲ್ಲಿ ಕೂರಿಸುವುದೂ ಒಂದೇ, ಮನೆಗೆ ಕಳಿಸುವುದೂ ಒಂದೇ.

ಅಂಚಿನಲ್ಲಿರುವ ಮಕ್ಕಳ ವಿಷಯದಲ್ಲಿ ತಂದೆ ತಾಯಿಯನ್ನು ಕರೆಸಿ ಮಾತಾಡಿ ತೀರ್ಮಾನ ಮಾಡುವುದು ಪ್ರಿನ್ಸಿಪಾಲರ ಪದ್ಧತಿ. ರೋಜಾ ಅಂಚಿನಲ್ಲಿದ್ದಳು. ಮುಂದಿನ ಬೆಂಚಿನ ಮಧುಶ್ರೀಯೂ ಇದ್ದಳು. ಮಧುಶ್ರೀಯ ಅಂಕ ರೋಜಾಳದಕ್ಕಿಂತ ಕಡಿಮೆ. ಎ ಸೆಕ್ಷನ್ನಿನ ಕ್ಲಾಸ್ ಟೀಚರ್ ಎಂದು ನನ್ನನ್ನೂ ಚೇಂಬರಿನಲ್ಲಿ ಕೂರಿಸಿದ್ದರು, ಹಾಗಾಗಿ ಮುಂದೆ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ಮಧುಶ್ರೀಯ ತಂದೆ ಬಂದರು. “ಬನ್ನಿ ಸರ್, ಕೂತ್ಕೊಳ್ಳಿ” ಎಂದು ಪ್ರಿನ್ಸಿಪಾಲರು ಕುರ್ಚಿ ತೋರಿಸಿದರು. “ಎಕ್ಸಾಮ್ ಟೈಮಲ್ಲಿ ಅವಳಿಗೆ ಜ್ವರ ಸರ್. ಎಲ್ಲಾ ಬರುತ್ತೆ ಅವಳಿಗೆ. ಫೈನಲ್‌ನಲ್ಲಿ ತೊಂಬತ್ತೈದರ ಮೇಲೆ ಬರೆದಿಟ್ಕೊಳ್ಳಿ, ಗ್ಯಾರಂಟಿ ನಂದು” ಎಂದರು ಅವರು. ಯತೀಶ ತಲೆಯಾಡಿಸಿದರು. ಮಧುಶ್ರೀ ಉಳಿದಳು. ಎರಡು ನಿಮಿಷದ ಕೆಲಸ.

ಆಮೇಲೆ ಚಿಕ್ಕಬೀರಪ್ಪ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ನಿಂತರು. ಅದೇ ಕುರ್ಚಿ ಖಾಲಿ ಇತ್ತು. ಕೂರಿ ಎಂದು ಯಾರೂ ಅನ್ನಲಿಲ್ಲ. ನಾನು ಅಂದೆ. ಅವರು, “ಇರ್ಲಿ ಬಿಡ್ರೀ” ಎಂದು ನಿಂತೇ ಇದ್ದರು. ಗೋಡೆಗೆ ಒರಗಿ ರೋಜಾ ನಿಂತಿದ್ದಳು.

“ಏನಪ್ಪಾ, ನಿನ್ನ ಮಗಳು ಮನೇಲಿ ಓದ್ತಾಳಾ?” ಎಂದರು ಪ್ರಿನ್ಸಿಪಾಲರು.

“ಓದ್ತಾಳ್ರೀ ಸಾರ್. ಏನೋ ಒಂದಿಷ್ಟು.”

“ಮ್ಯಾಥ್ಸ್ ಬರುತ್ತಾ?”

ಚಿಕ್ಕಬೀರಪ್ಪ ನನ್ನತ್ತ ನೋಡಿ ಸಂಕೋಚದಿಂದ ನಕ್ಕರು. “ಎಲ್ಲಿದು ಬಿಡ್ರೀ. ಒಂದಿಷ್ಟು ಬರ್ತೈತಿ ಅಷ್ಟ.”

“ಈ ಕ್ಲಾಸಿನ ಸ್ಪೀಡಿಗೆ ಆಗುತ್ತಾ ಅವಳ ಕೈಲಿ?”

“ಏನ್ ಹೇಳಾನ್ರೀ ಸಾರ್. ಸಣ್ಣ ಹುಡುಗಿ.”

“ತಂದೆನೇ ಹೇಳ್ತಾ ಇದಾರಲ್ಲ ಸರ್” ಎಂದರು ಯತೀಶ, ಭಾರ ಇಳಿದವರ ಹಾಗೆ. ಪ್ರಿನ್ಸಿಪಾಲರು ಬಿ ಸೆಕ್ಷನ್ ಎಂದುಬಿಟ್ಟರು.

ನನ್ನ ಮೈ ಉರಿಯಿತು. “ಸರ್, ಅವರು ಮಾತಾಡೋ ರೀತಿನೇ ಹಾಗೆ. ಗದ್ದೆ ತುಂಬ ಕುರಿ ಇದ್ರೂ ಒಂದಿಷ್ಟು ಅಂತಾರೆ. ಆ ಹುಡುಗಿಗೆ ಲೆಕ್ಕ ಚೆನ್ನಾಗಿ ಬರುತ್ತೆ” ಎಂದೆ. “ಹೆತ್ತ ಅಪ್ಪನಿಗಿಂತ ನಿಮಗೆ ಗೊತ್ತಾ ಮೇಡಂ?” ಎಂದು ಅವರು ಮುಂದಿನವರನ್ನು ಕರೆಯಲು ಬೆಲ್ ಒತ್ತಿದರು. ಜಂಬ ಕೊಚ್ಚಿದವನ ಮಗಳು ಜಾಣೆ, ವಿನಯದಿಂದ ಮಾತಾಡಿದವನ ಮಗಳು ದಡ್ಡಿ. ಓದಿದವರು ನಾವು, ನಮ್ಮ ತೂಕ ಇಷ್ಟು.

ವರಾಂಡದಲ್ಲಿ ರೋಜಾಳ ದನಿ ಕೇಳಿಸಿತು. ಅಲ್ಲಿಯವರೆಗೆ ಅವಳು ಜೋರಾಗಿ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ.

“ಯಾಕ ಹಂಗಂದಿ ಅಪ್ಪಾ? ಯಾಕ ಹಂಗಂದಿ?”

“ಇರೋದನ್ನ ಎತ್ತಿ ಆಡಬಾರದವ್ವಾ. ನಿನಗೇ ದೃಷ್ಟಿ ಆಕ್ಕೈತಿ.”

“ದೃಷ್ಟಿ ಅಲ್ಲ, ನನ್ನ ಓದೇ ಹೋತು! ನಾನೇನು ಕುರೀನಾ ನಿಂದು, ರೊಪ್ಪದಾಗ ಮುಚ್ಚಿಡಾಕ? ಇಲ್ಲಿ ಎಣಿಸಿ ಹೇಳಬೇಕಪ್ಪಾ. ಹೇಳದಿದ್ರ ಇಲ್ಲ ಅಂತಾನ ತಿಳ್ಕೋತಾರ. ನನಗ ಬರ್ತೈತಿ. ಎಲ್ಲಾ ಬರ್ತೈತಿ. ನಿಂಗೂ ಗೊತ್ತೈತಿ ಅದು.”

ಚಿಕ್ಕಬೀರಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡರು, ಮತ್ತೆ ತೆಗೆದರು. ಮಗಳು ಅವರನ್ನು ಬಿಟ್ಟು ಬಿಸಬಿಸ ನಡೆದುಹೋದಳು. ಅವಳ ಸಿಟ್ಟು ನನಗೆ ಸರಿಯೆನಿಸಿತು. ಆದರೆ ಅದು ಬಿದ್ದದ್ದು ಆ ಕಟ್ಟಡದಲ್ಲಿ ಎಲ್ಲರಿಗಿಂತ ಕಡಿಮೆ ತಪ್ಪು ಮಾಡಿದವರ ಮೇಲೆ. ಅದು ನನ್ನನ್ನು ಇನ್ನಷ್ಟು ರೇಗಿಸಿತು.

ಬಿ ಸೆಕ್ಷನ್ನಿಗೆ ಹೋದ ಮೇಲೆ ರೋಜಾ ಬಸ್ಸಿನಲ್ಲಿ ಪುಸ್ತಕ ತೆಗೆಯುವುದನ್ನು ಬಿಟ್ಟಳು. ಕಿಟಕಿಯ ಸರಳಿಗೆ ಹಣೆ ಒತ್ತಿ ಕೂರುತ್ತಿದ್ದಳು. ಏನು ನಡೀತಿದೆ ಎಂದು ಕೇಳಿದರೆ, “ಆರು ಉತ್ತರ ಕೊಟ್ಟಾರ್ರೀ, ಬಾಯಿಪಾಠ ಮಾಡ್ಬೇಕಂತ. ಪ್ರಶ್ನೆ ಯಾಕ ಹಂಗೈತಿ ಅಂತ ಕೇಳಿದ್ರ, ಅದೆಲ್ಲ ನಿಮಗ್ಯಾಕ ಅಂತಾರ” ಎಂದಳು. ಅಪ್ಪನ ಹತ್ತಿರ ಮಾತು ಬಿಟ್ಟಿದ್ದಾಳೆಂದೂ ಗೊತ್ತಾಯಿತು. ಅತ್ತ ಎ ಸೆಕ್ಷನ್ನಿನಲ್ಲಿ ಇಂಟಿಗ್ರೇಶನ್ ಶುರುವಾಗಿತ್ತು. ಯತೀಶ ನನ್ನ ಪೀರಿಯಡ್ಡು ಕೇಳಲು ದಿನಾ ಬರತೊಡಗಿದರು. ಹಲ್ಲು ಕಚ್ಚಿಕೊಂಡು ಕೊಡುತ್ತಿದ್ದೆ, ಯಾಕೆಂದರೆ ಕೊಡುವುದಿಲ್ಲ ಎಂದು ಹೇಳುವ ಧೈರ್ಯ ನಮ್ಮ ಕಾಲೇಜಿನಲ್ಲಿ ಯಾರಿಗೂ ಇಲ್ಲ.

ಹೀಗೆ ಒಂದು ವಾರ ಕಳೆದಿರಬೇಕು. ಯತೀಶ ಮತ್ತು ನಾನು ಪ್ರಿನ್ಸಿಪಾಲರ ಚೇಂಬರಿನಲ್ಲಿದ್ದೆವು, ಟೈಮ್ ಟೇಬಲ್ಲಿನ ವಿಷಯವಾಗಿ. ಬಾಗಿಲಲ್ಲಿ ಚಿಕ್ಕಬೀರಪ್ಪ ನಿಂತದ್ದು ಕಾಣಿಸಿತು. ಯಾರೂ ಕರೆಸಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಹಿಂದೆ ವರಾಂಡದಲ್ಲಿ ತಾಯಮ್ಮ, ಅವರ ಹಿಂದೆ ರೋಜಾ. ಅಪ್ಪ ಅಮ್ಮ ಬಂದದ್ದು ಕಂಡು ಕ್ಲಾಸಿನಿಂದ ಓಡಿಬಂದಿದ್ದಳು.

“ಏನಪ್ಪಾ ಮತ್ತೆ?” ಎಂದರು ಪ್ರಿನ್ಸಿಪಾಲರು.

ಚಿಕ್ಕಬೀರಪ್ಪ ಒಳಗೆ ಬಂದರು. ಅವರ ಹಣೆಯ ಮೇಲೆ ಬೆವರಿತ್ತು. ತಾಯಮ್ಮ ಸೆರಗಿನ ಸಮೇತ ಎರಡೂ ಕಿವಿ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಅದನ್ನು ಕಂಡಾಗಲೇ ಏನು ಬರಲಿದೆ ಎಂದು ಗೊತ್ತಾಗಿಹೋಯಿತು.

“ಸಾರ್, ನನ್ನತ್ರ ನೂರಾ ಮೂವತ್ನಾಕು ಕುರಿ ಅದಾವ್ರೀ” ಎಂದರು ಚಿಕ್ಕಬೀರಪ್ಪ. “ಮರಿ ಸೇರಿಸಿ. ನಿನ್ನೆ ಸಂಜಿಕ ಎಣಿಸೀನಿ. ಎಣಿಸಿದ್ದು ಇದೇ ಮೊದಲು. ನನ್ನ ಮಗಳಿಗೆ ಲೆಕ್ಕ ಬರ್ತೈತ್ರೀ ಸಾರ್. ಚಲೋ ಬರ್ತೈತಿ. ಅವತ್ತು ನಾನು ಖರೆ ಹೇಳ್ಲಿಲ್ಲ. ಇವತ್ತು ಎರಡೂ ಖರೆ ಹೇಳೀನಿ.”

ಪ್ರಿನ್ಸಿಪಾಲರು ಯತೀಶರ ಮುಖ ನೋಡಿದರು. ಯತೀಶ ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ನಕ್ಕರು. “ಅಲ್ಲಪ್ಪಾ, ನಿನ್ನ ಹತ್ರ ಎಷ್ಟು ಕುರಿ ಇದ್ರೆ ನಮಗೇನು? ಇದು ಕಾಲೇಜು.”

ಅಷ್ಟು ಹೊತ್ತು ತಡೆದುಕೊಂಡಿದ್ದೆನಲ್ಲ, ಅದೇ ಹೆಚ್ಚು. ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಎತ್ತಲಿಲ್ಲ.

“ನಗಬೇಡಿ ಸರ್” ಎಂದೆ. “ಆ ಮನುಷ್ಯ ಹೆಂಡತಿ ಎದುರಿಗೂ ಆಡದ ಮಾತನ್ನ ನಿಮ್ಮೆದುರು ಆಡಿದಾರೆ. ತಮ್ಮ ಮಂದೇನೇ ಪಣಕ್ಕಿಟ್ಟಂಗೆ ಅದು. ಮೊನ್ನೆ ಆ ಕುರ್ಚಿಲಿ ಕೂತು ತೊಂಬತ್ತೈದು ಗ್ಯಾರಂಟಿ ಅಂದ್ರಲ್ಲ, ಅವರು ಏನಿಟ್ಟಿದ್ರು? ಅವರ ಮಗಳ ಮಾರ್ಕ್ಸು ಇವಳಿಗಿಂತ ಕಡಿಮೆ. ಅವರ ಬಾಯಿ ನಂಬಿದ್ರಿ, ಇವಳ ಪೇಪರ್ ನಂಬಲಿಲ್ಲ.”

“ಮೇಡಂ, ಸ್ವಲ್ಪ ಮೆಲ್ಲಗೆ” ಎಂದರು ಯತೀಶ. ಅವರು ಸುಮ್ಮನಿರಬೇಕಿತ್ತು.

“ನೀವಂತೂ ಮಾತಾಡ್ಲೇಬೇಡಿ. ನಾಳೆಯಿಂದ ನನ್ನ ಪೀರಿಯಡ್ ನಂದು. ಒಂದೇ ಒಂದು ಕೊಡಲ್ಲ. ಹಳಗನ್ನಡ ಪದ್ಯ ಒಂದೊಂದು ಸಾಲೂ ಬಿಡದೆ ಮಾಡ್ತೀನಿ. ದೀಪಾವಳಿಯೊಳಗೆ ಅದ್ಹೆಂಗೆ ಮುಗಿಸ್ತೀರೋ ಮುಗಿಸಿ.”

ಯತೀಶರ ಮುಖದ ಬಣ್ಣವೇ ಇಳಿಯಿತು. ನನ್ನ ಪೀರಿಯಡ್ಡುಗಳಿಲ್ಲದೆ ಅವರ ಪೋರ್ಷನ್ನು ಮುಗಿಯುವುದಿಲ್ಲ ಎಂದು ಅವರಿಗೂ ಗೊತ್ತು, ಪ್ರಿನ್ಸಿಪಾಲರಿಗೂ ಗೊತ್ತು. ನ್ಯಾಯಕ್ಕೆ ಬಗ್ಗದವರು ಟೈಮ್ ಟೇಬಲ್ಲಿಗೆ ಬಗ್ಗಿದರು. ಇದನ್ನು ಗೆಲುವು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಒಂದು ಮಗುವಿನ ಅಂಕ ಮಾಡಬೇಕಿದ್ದ ಕೆಲಸವನ್ನು ಕನ್ನಡ ಮೇಡಮ್ಮಿನ ಹಟ ಮಾಡಬೇಕಾಯಿತು.

“ಲಾಸ್ಟ್ ಬೆಂಚಲ್ಲಿ ಕೂತ್ಕೊಳ್ಳಲಿ” ಎಂದರು ಯತೀಶ ಕೊನೆಗೆ. “ಆದರೆ ನಾನು ಯಾರಿಗೂ ಕಾಯಲ್ಲ.”

“ಕಾಯಬೇಡಿ. ಕೈ ಎತ್ತಿದಾಗ ನೋಡಿ, ಸಾಕು” ಎಂದೆ.

ಹೊರಗೆ ತಾಯಮ್ಮ ಗಂಡನ ಅಂಗಿಯ ತೋಳು ಹಿಡಿದುಕೊಂಡು, “ಹೇಳೇಬಿಟ್ಟೆಲ್ಲ, ಎಷ್ಟದಾವ ಅಂತ ಹೇಳೇಬಿಟ್ಟೆಲ್ಲ” ಎಂದು ಅಳುತ್ತಿದ್ದರು. ರೋಜಾ ಅಪ್ಪನ ಎದುರು ಬಂದು ನಿಂತಳು. ಅವರ ಕೈಯಲ್ಲಿ ಮುದ್ದೆಯಾಗಿದ್ದ ಟವೆಲನ್ನು ತೆಗೆದುಕೊಂಡು, ಕೊಡವಿ, ಹೆಗಲ ಮೇಲೆ ಹಾಕಿದಳು.

ಮರುದಿನ ಯತೀಶ ನನ್ನ ಪೀರಿಯಡ್ಡು ಕೇಳಿದರು. ರೋಜಾ ಎ ಸೆಕ್ಷನ್ನಿಗೆ ವಾಪಸ್ಸು ಬಂದಿದ್ದಳಲ್ಲ, ಕೊಟ್ಟೆ. ಆದರೆ ಪೀರಿಯಡ್ಡು ನನ್ನದು ತಾನೇ, ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ರೋಜಾಳ ಪಕ್ಕ ಕೂತೆ. ಅವರು ನನ್ನನ್ನು ನೋಡಿ, ಗಂಟಲು ಸರಿಮಾಡಿಕೊಂಡು ಲೆಕ್ಕ ಶುರು ಮಾಡಿದರು. ಎಡತುದಿಯಿಂದ ಬಲತುದಿಗೆ ಅದೇ ಓಟ. “ಅಂಡರ್‌ಸ್ಟುಡ್?” “ಯೆಸ್ ಸರ್.” “ನೆಕ್ಸ್ಟ್!”

ನನ್ನ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು.

“ಸರ್, ನೆಕ್ಸ್ಟ್ ಬ್ಯಾಡ್ರೀ” ಎಂದಳು ರೋಜಾ. “ಮೂರನೇ ಸಾಲು ಹೆಂಗ ಬಂತು ಗೊತ್ತಾಗ್ಲಿಲ್ಲ.”

“ಹಿಂದಿನ ಎಕ್ಸರ್‌ಸೈಜ್ ಮಾಡಿದ್ರೆ ಗೊತ್ತಾಗೋದು. ಅದರಲ್ಲಿ ಎಷ್ಟು ಮಾಡಿದೀಯ ನೀನು?”

ಅವಳು ನನ್ನ ಕಡೆ ನೋಡಲಿಲ್ಲ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದಳು. “ಇಪ್ಪತ್ತೆರಡಕ್ಕ ಇಪ್ಪತ್ತೆರಡೂ ಮಾಡೀನಿ ಸರ್” ಎಂದಳು, ಇಡೀ ಕ್ಲಾಸಿಗೆ ಕೇಳುವ ಹಾಗೆ. “ಬಿ ಸೆಕ್ಷನ್ನಿನಾಗ ಇದ್ದಾಗಲೂ ಮನ್ಯಾಗ ಮಾಡೀನಿ. ಈ ಸಾಲು ಅದರಾಗ ಇಲ್ಲ.”

ಯತೀಶ ಎತ್ತಿದ್ದ ಡಸ್ಟರನ್ನು ಮೇಜಿನ ಮೇಲಿಟ್ಟರು. ಆಮೇಲೆ ಬೋರ್ಡಿನ ನಡುವೆ ಖಾಲಿ ಜಾಗ ಹುಡುಕಿ, ಬಾಯಲ್ಲಿ ಹೇಳಿ ಬಿಟ್ಟಿದ್ದ ಸಾಲುಗಳನ್ನು ಬರೆದರು. ಗೊಣಗುತ್ತಲೇ ಬರೆದರು, ಆದರೆ ಬರೆದರು. ಮುಂದಿನ ಎರಡು ಬೆಂಚಿನಲ್ಲಿ ತಲೆಗಳು ಬಗ್ಗಿದವು. ಯೆಸ್ ಸರ್ ಎಂದವರೆಲ್ಲ ಆ ಸಾಲುಗಳನ್ನು ಬರೆದುಕೊಳ್ಳುತ್ತಿದ್ದರು. ಮಧುಶ್ರೀ ಎಲ್ಲರಿಗಿಂತ ಬೇಗ ಬೇಗ ಬರೆದುಕೊಳ್ಳುತ್ತಿದ್ದಳು.

ಆ ಮೇಲೆ ರೋಜಾ ಕೈ ಎತ್ತದ ದಿನವಿಲ್ಲ. ಅವಳನ್ನು ಕಂಡರೆ ಯತೀಶರಿಗೆ ಆಗುವುದಿಲ್ಲ. ದೀಪಾವಳಿಗೆ ಪೋರ್ಷನ್ನು ಮುಗಿಯಲೂ ಇಲ್ಲ, ಆಡಳಿತ ಮಂಡಳಿಯವರು ಅವರನ್ನು ಬೈದರಂತೆ. ನನಗೆ ಅಯ್ಯೋ ಅನಿಸಲಿಲ್ಲ. ಬಿ ಸೆಕ್ಷನ್ನಿನಲ್ಲಿ ಉಳಿದ ಮಕ್ಕಳು ಈಗಲೂ ಆ ಆರು ಉತ್ತರಗಳನ್ನೇ ಬಾಯಿಪಾಠ ಮಾಡುತ್ತಿದ್ದಾರೆ. ಅವರ ಅಪ್ಪಂದಿರಲ್ಲಿ ಎಷ್ಟು ಜನ ಆ ಚೇಂಬರಿನಲ್ಲಿ ನಿಂತುಕೊಂಡು ‘ಒಂದಿಷ್ಟು’ ಎಂದಿದ್ದರೋ ಯಾರಿಗೆ ಗೊತ್ತು? ಅದನ್ನು ನೆನೆದರೆ ನನಗೆ ಈಗಲೂ ಅನ್ನ ಸೇರುವುದಿಲ್ಲ.

ಭತ್ತದ ಕೊಯ್ಲು ಮುಗಿಯಿತು. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಉಳವಿಗೆ ಹೋದಾಗ ನಮ್ಮ ಗದ್ದೆಯಲ್ಲಿ ಚಿಕ್ಕಬೀರಪ್ಪನ ಮಂದೆ ಇತ್ತು. ಅವರು ಬದುವಿನ ಮೇಲೆ ಕೂತು ಒಂದು ಮರಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದರು. ಹಿಂದಿನ ವರ್ಷಕ್ಕಿಂತ ಸೊರಗಿದಂತೆ ಕಂಡರು.

“ಎಲ್ಲಾ ಆರಾಮಾ?” ಎಂದು ಕೇಳಿದೆ.

“ಆರಾಮ ಅದೀವ್ರೀ.” ಮರಿಯನ್ನು ಕೆಳಗೆ ಬಿಟ್ಟರು. ಅದು ತಾಯಿಯ ಕಡೆ ಓಡಿತು. ಅದನ್ನು ನೋಡುತ್ತ ಹೇಳಿದರು. “ಕಾಲೇಜಿಗೆ ಬಂದಿದ್ನೆಲ್ರೀ, ಅದಾದ ಮ್ಯಾಲೆ ನಾಕು ಹೋದವು. ಆ ಬಿಳಿ ಬೊಟ್ಟಿನದೂ ಹೋತು.”

“ಮಳೆ ಬಿಟ್ಟ ಮೇಲೆ ರೋಗ ಬಂದಿತ್ತಲ್ಲ ಚಿಕ್ಕಬೀರಪ್ಪಾ, ಎಲ್ಲರ ಮಂದೆಯಲ್ಲೂ ಹೋಗಿದಾವೆ. ನೀವು ಹೇಳಿದ್ದಕ್ಕಲ್ಲ.”

“ಹೌದ್ರೀ. ಡಾಕ್ಟ್ರೂ ಹಂಗ ಅಂದ್ರು” ಎಂದರು. ನಂಬಿದವರ ಮುಖ ಅದಲ್ಲ.

“ರೋಜಾಗೆ ಗೊತ್ತಾ?”

“ಮಾವನ ಮನಿಗೆ ಕೊಟ್ಟೀನಿ ಅಂತ ಹೇಳೀನ್ರೀ. ನೀವೂ ಹೇಳಬ್ಯಾಡ್ರೀ ಮೇಡಂ. ತನ್ನಿಂದ ಹೋದವು ಅನ್ಕೋತಾಳ, ಮತ್ತ ಕೈ ಎತ್ತಾದು ಬಿಟ್ಟುಬಿಡ್ತಾಳ.”

ನಂಬಿಕೆ ಸುಳ್ಳು ಎಂದು ವಾದ ಮಾಡುವುದು ಸುಲಭ. ನಂಬಿಕೊಂಡೇ, ಏನು ಹೋಗಬಹುದು ಎಂದು ತಿಳಿದೇ, ಆ ಚೇಂಬರಿಗೆ ನಡೆದು ಬಂದಿದ್ದರಲ್ಲ ಈ ಮನುಷ್ಯ. ಅವರನ್ನು ನೋಡಿ ನಕ್ಕವರ ಮೇಲೆ ನನಗೆ ಮತ್ತೆ ಸಿಟ್ಟು ಉಕ್ಕಿ ಬಂತು. ಬಯ್ಯೋಣವೆಂದರೆ ಆ ಗದ್ದೆಯಲ್ಲಿ ಕುರಿಗಳ ಹೊರತು ಯಾರೂ ಇರಲಿಲ್ಲ.

ಚಿಕ್ಕಬೀರಪ್ಪ ಎದ್ದು ಕೋಲು ತೆಗೆದುಕೊಂಡರು. ನನ್ನ ಮುಖ ನೋಡದೆ, ಮಂದೆಯ ಕಡೆ ನೋಡುತ್ತ ಕೇಳಿದರು. “ಹೆಂಗ ಮಾಡ್ತಾಳ್ರೀ ನಮ್ಮ ಹುಡುಗಿ?”

ಹಿಂದಿನ ದಿನವಷ್ಟೇ ಪ್ರಿಪರೇಟರಿ ಪರೀಕ್ಷೆಯ ಅಂಕಗಳು ಬಂದಿದ್ದವು. ಗಣಿತದಲ್ಲಿ ರೋಜಾ ಇಡೀ ಪತ್ರಿಕೆ ಬರೆದು ಮುಗಿಸಿದ್ದಳು. ಅವಳ ಅಂಕ ಕಾಲೇಜಿಗೇ ಹೆಚ್ಚು. ಆ ಸಂಖ್ಯೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಉಳವಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕೆಂದೇ ನಾನು ಆ ಬೆಳಿಗ್ಗೆ ಗದ್ದೆಗೆ ಬಂದಿದ್ದೆ.

“ಏನೋ, ಒಂದಿಷ್ಟು ಬರುತ್ತೆ ಬಿಡಿ” ಎಂದೆ.

ಚಿಕ್ಕಬೀರಪ್ಪ ಆ ಬೆಳಿಗ್ಗೆ ಮೊದಲ ಸಲ ತಿರುಗಿ ನನ್ನ ಮುಖ ನೋಡಿದರು. ಅವರ ಕಣ್ಣು ತುಂಬಿಕೊಂಡಿತು. “ಹೌದೇನ್ರೀ” ಎಂದು ಟವೆಲಿನಿಂದ ಮುಖ ಒರೆಸಿಕೊಂಡು, ಕುರಿಗಳನ್ನು ಎಬ್ಬಿಸಲು ಗದ್ದೆಗೆ ಇಳಿದರು.